ಹಸನಬಿ ಗ್ರಹದ ಬಿರುಕು

ಅಣ್ಣಿಗೇರಿ, ಸೋಮವಾರ

ಕೃಷ್ಣಾಜಿ ಸರ್, ನಮಸ್ಕಾರರಿ.

ಬಾಹ್ಯಾಕಾಶದ ಕಂಪ್ಯೂಟರ್ ಆಟಕ್ಕ ನಾ ಮಾಡಿದ ಗ್ರಹ ವಿಜ್ಞಾನ ಮೇಳದಾಗ ತೋರಸಾಕಂತ ನಿಮಗ ಲ್ಯಾಪ್‌ಟಾಪ್ ಕೊಟ್ಟಿದ್ದೆ. ನನ್ನ ಕೇಳದನ ಆ ಗ್ರಹದ ನೆಲದಾಗಿನ ಬಿರುಕೆಲ್ಲಾ ಮುಚ್ಚಿ ಹುಲ್ಲು ಯಾಕ ಬೆಳೆಸಿದ್ರಿ? ‘ತಪ್ಪು ತಿದ್ದೇನಿ’ ಅಂತ ಬ್ಯಾರೆ ಬರದೀರಿ! ಅದು ತಪ್ಪಲ್ಲರಿ. ಬ್ಯಾಸಿಗ್ಯಾಗ ಬಾಯಿ ಬಿಟ್ಟ ನಮ್ಮ ಕರಿಮಣ್ಣಿನ ಎರಿಹೊಲದ ಫೋಟೋ ಹಾಕೇ ಆ ನೆಲಾ ಮಾಡಿದ್ದೆ.

ಅಂಥಾ ಬಿರುಕಿನ್ಯಾಗ ಸಿಕ್ಕು ಕಾಲು ಮುರಕೊಂಡ ಮ್ಯಾಲೆ ನಮ್ಮಜ್ಜಿ ಹಸನಬಿ ಹೊಲಕ್ಕ ಹೋಗಿಲ್ಲ. ದಿನಾ ನನ್ನ ಬಾಜೂಕ ಕುಂತು, ‘ಎಡಕ್ಕ ಸರಿ, ಅಲ್ಲಿ ಬಿರುಕೈತಿ’ ಅಂತ ಆ ಗ್ರಹದ ಮ್ಯಾಲೆ ನನ್ನ ನಡಸ್ತಿದ್ಲು.

ಮೊದಲಿನ ಫೈಲ್ ನಿಮ್ಮ ಪೆನ್‌ಡ್ರೈವಿನ್ಯಾಗ ಇದ್ರ ಇವತ್ತ ಕಳಸ್ರಿ. ಮೇಳದಾಗ ಅದಕ್ಕ ಬಂದ ಬಹುಮಾನ ನೀವ ಇಟ್ಕೋರಿ.

ನಿನ್ನೆ ಅಜ್ಜಿ ಪರದೆ ನೋಡಿ ಕೇಳಿದ್ಲು: ‘ತಮನ್ನಾ, ಇದ್ಯಾರ ಹೊಲಕ್ಕ ಕರಕೊಂಡು ಬಂದಿ?’

ನಿಮ್ಮ ವಿದ್ಯಾರ್ಥಿನಿ,
ತಮನ್ನಾ