ಐದು ಗಂಟೆಯ ಗೇಟು

ನವೆಂಬರ್ 6

ಏಳನೇ ಕ್ಲಾಸಿನ ಪೇಪರ್ ತಿದ್ದಿ ಮುಗಿಯಲಿಲ್ಲ. ನಡುವೆ ಎಲೆಕ್ಷನ್ ಆರ್ಡರ್ ಬಂತು. ಪುತ್ತೂರು ನಗರಸಭೆ. ಕೊಯಿಲದ ನಮ್ಮ ಶಾಲೆಯಿಂದ ನಾನೊಬ್ಬಳೇ. ಈ ಸಲ ಪಿ.ಆರ್.ಒ. ಅಂತೆ — ಮತಗಟ್ಟೆಗೇ ಮುಖ್ಯಸ್ಥೆ! ಇಷ್ಟು ವರ್ಷ ಬೆರಳಿಗೆ ಶಾಯಿ ಹಚ್ಚುವ ಕೆಲಸ. ಮಾತಾಡಬೇಕಾಗಿರಲಿಲ್ಲ.

ಹೆಡ್‌ಮಾಸ್ಟರ್ ಕರೆದರು. "ಪ್ರೀತಿಕಾ ಮೇಡಂ, ಉಗ್ಗಿನ ವಿಷಯ ಬರೆದು ಕೊಡಿ, ಕ್ಯಾನ್ಸಲ್ ಮಾಡಿಸುವ. ಅಲ್ಲಿ ಜೋರು ಮಾಡ್ಲಿಕ್ಕೆಲ್ಲ ಉಂಟು." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮನೆಯಲ್ಲಿ ಇವರೂ ಅದನ್ನೇ ಹೇಳಿದರು.

ಅರ್ಜಿ ಬರೆಯಲು ಕುಳಿತೆ. ಅರ್ಧ ಬರೆದು ಹರಿದೆ.

ನವೆಂಬರ್ 12

ಟ್ರೈನಿಂಗ್. ಮೆಷಿನ್ ಕೈಗೇ ಕೊಟ್ಟರು. ವಯರ್ ಜೋಡಿಸುವುದು, ಅಣಕು ಮತದಾನ, ಆ ಮತಗಳನ್ನು ಅಳಿಸುವುದು, ಸೀಲ್... ಕೈ ಚುರುಕಾಗಿಯೇ ಇದೆ. ಆದರೆ ಮತದಾನಕ್ಕೆ ಮೊದಲು ಪಾರ್ಟಿಗಳ ಏಜೆಂಟರ ಎದುರು, ಎಲ್ಲ ನಿಯಮದಂತೆ ಇದೆ ಎಂಬ ಘೋಷಣೆಯನ್ನು ಗಟ್ಟಿಯಾಗಿ ಓದಬೇಕಂತೆ. ಪಿ.ಆರ್.ಒ. ಬಾಯಲ್ಲೇ. ಮಧ್ಯಾಹ್ನದ ಊಟ ಸೇರಲಿಲ್ಲ.

ನನ್ನ ತಂಡದ ಫೌಝಿಯಾ ಟೀಚರ್ ಕೇಳಿದರು, "ಎಂತ ಮಂಡೆಬೆಚ್ಚ ನಿಮಗೆ? ಕ್ಲಾಸಲ್ಲಿ ಪಾಠ ಮಾಡುದಿಲ್ವಾ?"

"ಮ-ಮಕ್ಕಳು ಕಾಯ್ತಾರೆ."

"ಇವರೂ ಕಾಯ್ಲಿ."

ನವೆಂಬರ್ 23, ಸಂಜೆ. ಸಿಬ್ಬಂದಿ ಬಸ್ಸಿನಲ್ಲಿ

ಬಸ್ಸು ಕುಲುಕುತ್ತಿದೆ, ಅಕ್ಷರ ಸೊಟ್ಟ. ಮೆಷಿನ್ ಕಾಲ ಬಳಿ. ಆದರೂ ಇವತ್ತೇ ಬರೆಯಬೇಕು.

ಬೆಳಿಗ್ಗೆ ಏಜೆಂಟರಿಂದ ಅಣಕು ಮತ ಹಾಕಿಸಿದೆ. ಎಣಿಸಿ ತೋರಿಸಿದೆ, ಅಳಿಸಿ ಸೊನ್ನೆ ತೋರಿಸಿದೆ. ಪೇಪರ್ ಸೀಲಿಗೆ ಎಲ್ಲರ ಸಹಿ. ಆಮೇಲೆ ಘೋಷಣೆ. ಎರಡನೇ ಸಾಲಿನಲ್ಲೇ 'ಮತಯಂತ್ರ'ದ ಮ ಸಿಕ್ಕಿಕೊಂಡಿತು. ಹಾರಿಸ್ ಅಂತ ಒಬ್ಬ ಏಜೆಂಟ್, ಪೇಟೆಯಲ್ಲಿ ಚಪ್ಪಲಿ ಅಂಗಡಿಯಂತೆ, ಕೈ ಚಾಚಿದರು. "ಕೊಡಿ ಮೇಡಂ, ನಾನು ಓದ್ತೇನೆ. ಹೊರಗೆ ಜನ ನಿಂತಿದ್ದಾರೆ."

ಕೊಡಲಿಲ್ಲ. "ನಾ-ನಾನೇ ಓದುದು."

ಓದಿದೆ. ತಡೆದಲ್ಲಿ ನಿಂತೆ, ಮತ್ತೆ ಓದಿದೆ. ಪೂರ್ತಿ! ಏಳಕ್ಕೆ ಸರಿಯಾಗಿ ಮೊದಲ ಮತ.

ದಿನವಿಡೀ ಸಾಲು ಕರಗಲಿಲ್ಲ. ಊರುಗೋಲು ಹಿಡಿದು ಬಂದ ನಫೀಸಮ್ಮ ಎಂಬ ಅಜ್ಜಿ ಬೀಪ್ ಕೇಳಿದ ಮೇಲೂ ಬಟನ್ನಿನಿಂದ ಬೆರಳು ತೆಗೆಯದೆ, "ಆಯ್ತಾ ಮಗಾ, ನಿಜವಾಗಿ ಆಯ್ತಾ?" ಎಂದು ಕೇಳಿದರು.

ಐದಕ್ಕೆ ಗೇಟು ಹಾಕಿಸಿದೆ. ಒಳಗೆ ಸಾಲಿನಲ್ಲಿದ್ದವರಿಗೆ ಚೀಟಿ. ಕೊನೆಯವರಿಂದ ಕೊಡುತ್ತ ಬರಬೇಕು, ಹಿಂದಿನಿಂದ ಯಾರೂ ಸೇರಿಕೊಳ್ಳಬಾರದು. ಅಷ್ಟರಲ್ಲಿ ರಿಕ್ಷಾದಿಂದ ನಾಲ್ಕು ಜನ ಇಳಿದರು. "ಎರಡು ನಿಮಿಷಕ್ಕೆ ಎಂತ ಆಗ್ತದೆ ಮೇಡಂ? ಬಿಡಿ!" ಗೇಟು ಹಿಡಿದು ಅಲ್ಲಾಡಿಸಿದರು.

"ಸ-ಸ-ಸ..." ಮುಂದೆ ಹೋಗಲಿಲ್ಲ. ಒಬ್ಬ ನನ್ನ ಹಾಗೆಯೇ ಹೇಳಿ ನಕ್ಕ. ಪೊಲೀಸ್ ಲಾಠಿ ಹಿಡಿದು ಬಂದ. ನಾನು ಕೈ ಅಡ್ಡ ಮಾಡಿದೆ.

ಹಿಂದಿನಿಂದ ಹಾರಿಸ್ ದನಿ. "ಮಾರಾಯ್ರೆ, ಸುಮ್ಮನಿರಿ. ಮೇಡಂ ಮಾತು ಮುಗೀಲಿ."

ಆ ನಾಲ್ವರೂ ಅವರದೇ ಪಾರ್ಟಿಯವರು! ಗೇಟಿನಿಂದ ಕೈ ತೆಗೆದರು. ನಾನು ಮುಗಿಸಿದೆ. "ಸಮಯ ಆಯ್ತು. ಗೇ-ಗೇಟು ತೆಗೆಯುದಿಲ್ಲ."

ತೆಗೆಯಲಿಲ್ಲ.

ನವೆಂಬರ್ 24

ಮೈಯೆಲ್ಲ ನೋವು. ಸ್ಟಾಫ್‌ರೂಮಿನಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಹೆಡ್‌ಮಾಸ್ಟರ್ ಎಲ್ಲರಿಗೂ ಚಾ ತರಿಸಿದರು.

ನವೆಂಬರ್ 26

ಎಣಿಕೆ. ಡ್ಯೂಟಿ ಫೌಝಿಯಾ ಟೀಚರಿಗೆ, ನನಗಿಲ್ಲ. ಮಧ್ಯಾಹ್ನ ಅವರ ಫೋನ್. ನಮ್ಮ ಬೂತಿನ ವಾರ್ಡಿನಲ್ಲಿ ಹಾರಿಸ್ ಪಾರ್ಟಿಯ ಅಭ್ಯರ್ಥಿ ಸೋತರು. ಎರಡು ಮತದಿಂದ.

ನಾನು ಹೊರಗೆ ನಿಲ್ಲಿಸಿದ್ದು ನಾಲ್ವರನ್ನು.

ದೊಡ್ಡ ಗಲಾಟೆಯಂತೆ. ಸೋತವರು "ಆ ಹೆಂಗಸು ಐದಾಗುವ ಮೊದಲೇ ಗೇಟು ಹಾಕಿಸಿದ್ದು" ಎಂದು ಮೇಜು ಗುದ್ದಿದರಂತೆ. ಸೀಲ್ ನೋಡಿದರು — ಸರಿ. ಮೆಷಿನ್ನಿನ ಒಟ್ಟು ಮತ ನಾನು ಬರೆದುಕೊಟ್ಟ ಲೆಕ್ಕಕ್ಕೆ ತಾಳೆ. ರಿಸಲ್ಟ್ ಬಟನ್ ಮತ್ತೊಮ್ಮೆ ಒತ್ತಿದರು — ಅದೇ. ಗಲಾಟೆ ನಿಲ್ಲಲಿಲ್ಲ. ಎಣಿಕೆಗೂ ಏಜೆಂಟಾಗಿ ಬಂದಿದ್ದ ಹಾರಿಸರನ್ನೇ ಚುನಾವಣಾಧಿಕಾರಿ ಕೇಳಿದರಂತೆ, "ನೀವು ಬೂತಿನಲ್ಲಿ ಇದ್ದಿರಲ್ಲ?"

"ಐದು ಆಗಿತ್ತು ಸರ್. ನಾನು ಅಲ್ಲೇ ಇದ್ದೆ. ಮೇಡಂ ಮಾಡಿದ್ದು ಸರಿ."

ತನ್ನವರ ಎದುರಿಗೇ! ಆಮೇಲೆ ಗೆದ್ದವರ ಹೆಸರು ಓದಿದರಂತೆ.

ಫೋನ್ ಇಟ್ಟು ಅತ್ತೆ. ಹೆಮ್ಮೆಯೇ. ನನ್ನ ಬಗ್ಗೆಯೋ ಅವರ ಬಗ್ಗೆಯೋ...

ಅದೇ ದಿನ, ಸಂಜೆ

ಫೌಝಿಯಾ ಟೀಚರಿಂದ ಹಾರಿಸ್ ನಂಬರ್ ತೆಗೆದುಕೊಂಡೆ. ಫೋನೆಂದರೆ ನನಗೆ ಎಲ್ಲಕ್ಕಿಂತ ಕಷ್ಟ. ಲೈನಿನಲ್ಲಿ ಯಾರೂ ಇಲ್ಲವೆಂದು ಕಟ್ ಮಾಡಿಬಿಡುತ್ತಾರೆ. ಆದರೂ ಮಾಡಿದೆ.

"ಹಲೋ, ಯಾರು?"

ಮೊದಲ ಅಕ್ಷರವೇ ಹೊರಡಲಿಲ್ಲ. ಬರೀ ಉಸಿರು.

"ಓ... ಮೇಡಂ ಅಲ್ವಾ? ನಿಧಾನ ಹೇಳಿ. ಅಂಗಡಿಯಲ್ಲಿ ಗಿರಾಕಿ ಯಾರೂ ಇಲ್ಲ."

ಕಾದರು. "ನಿ-ನಿಮ್ಮಿಂದ ಉಪಕಾರ ಆಯ್ತು," ಎಂದು ಪೂರ್ತಿ ಹೇಳಿದೆ.