ಕುಬಸದ ಸೀರೆ

ಜಮಖಂಡಿ
೧೨ ನವೆಂಬರ್ ೧೯೭೬

ಪ್ರೀತಿಯ ಗಿರಿಮಲ್ಲಣ್ಣಾ,

ನಿನ್ನ ತಂಗಿ ಶಿವಗಂಗವ್ವನ ನಮಸ್ಕಾರ. ಹೇಗಿದ್ದಿ? ಪಠಾಣಕೋಟದಲ್ಲಿ ಈಗಲೇ ಚಳಿ ಕಡಿಯುತ್ತಿರಬೇಕು. ಹಿಮ್ಮಡಿ ಒಡೆದಿವೆಯೇನು? ಅವ್ವ ಹೊಲಿದುಕೊಟ್ಟ ಕೌದಿಯನ್ನು ಜೊತೆಯ ಸಿಪಾಯಿಗೆ ಹೊದಿಸಿ ನೀನು ನಡುಗುತ್ತ ಮಲಗಬೇಡ. ಆ ಗುಣ ನಿನಗೆ ಅಪ್ಪನಿಂದ ಬಂದದ್ದು. ನಾನು ಆರಾಮ ಇದ್ದೇನೆ. ಏಳು ತಿಂಗಳು ತುಂಬಿದವು. ಸೋಮವಾರ ಕುಬಸ ಆಯಿತು. ಬನಹಟ್ಟಿಯಿಂದ ಅವ್ವ, ಅನಸವ್ವ ಚಿಗವ್ವ ಬುತ್ತಿ ಹೊತ್ತುಕೊಂಡು ಬಂದಿದ್ದರು. ಅಪ್ಪ ಬರಲಿಲ್ಲ. ಮೊಣಕಾಲು ನೋವಂತೆ, ಬಸ್ಸು ಹತ್ತಲು ಆಗುವುದಿಲ್ಲವಂತೆ.

ಅಣ್ಣಾ, ನನಗೆ ಬಹಳ ಹೆದರಿಕೆಯಾಗಿದೆ. ಅಪ್ಪ ಯಾವ ನೋವಿಗೆ ಮನೆ ಹಿಡಿದು ಕೂತವನು? ಸಂತೆಯ ನೆಪ ಮಾಡಿಕೊಂಡು ಇಲ್ಲಿಗೆ ಬರುತ್ತಿದ್ದ. ಚುರುಮುರಿ ಪೊಟ್ಟಣ ನನ್ನ ಕೈಗಿಟ್ಟು, "ಕುಂದ್ರಂಗಿಲ್ಲವ್ವಾ, ಮಗ್ಗ ಬಿಟ್ಟು ಬಂದೇನಿ" ಅಂತ ಹೊಸ್ತಿಲಲ್ಲೇ ನಿಂತು ಒಂದು ತಾಸು ಮಾತಾಡಿ ಹೋಗುತ್ತಿದ್ದ. ಹೋದ ವರ್ಷ ಅತ್ತೆಯವರ ತಮ್ಮ ತೀರಿದ ಸುದ್ದಿ ಕೇಳಿ ನಾನು ಗಾಬರಿಯಾಗಿ ಕಟ್ಟೆಯಿಂದ ಬಿದ್ದು ಹೊಟ್ಟೆಯ ಕೂಸು ಹೋಯಿತಲ್ಲ, ಆಗ ಅಪ್ಪ ಓಡಿ ಬಂದ. ನನ್ನ ಬಟ್ಟೆಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಬಾವಿಗೆ ನಡೆದ. "ಗಂಡಸರು ಒಗೀತಾರೇನ್ರಿ ಬೀಗರ?" ಅಂತ ಅತ್ತೆ ನಾಚಿಕೊಂಡರೆ, "ಇಕಿ ಹುಟ್ಟಿದಾಗಿಂದ ಒಗದೇನ್ರಿ, ರೂಢಿ ಐತಿ" ಅಂದ. ಅವ್ವ ಸಿಟ್ಟಾದ ದಿನ ಅವನು ಮಗ್ಗದ ಜೊತೆ ಮಾತಾಡುತ್ತಿದ್ದದ್ದು ನೆನಪಿದೆಯೇ? "ನೋಡಪಾ, ಇವತ್ತ ನಮಗಿಬ್ಬರಿಗೂ ಊಟ ಇಲ್ಲ." ಅವ್ವ ಒಳಗಿಂದಲೇ ನಕ್ಕುಬಿಡುತ್ತಿದ್ದಳು. ಇಂಥವನು ನನ್ನ ಕುಬಸಕ್ಕೆ ಬರಲಿಲ್ಲ ಅಂದರೆ ನಾನು ಹೇಗೆ ನಂಬಲಿ?

ಈಚೆಗೆ ಬನಹಟ್ಟಿ ಕಡೆಯವರು ಯಾರೇ ಬಂದರೂ ಅತ್ತೆ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ. ನಾನು ಒಳಗೆ ಬಂದರೆ ನಮ್ಮ ಮನೆಯವರು ಮಾತು ನಿಲ್ಲಿಸಿ ತಮ್ಮ ಕೋರ್ಟು ಕೆಲಸದ ಕಾಗದ ತಿರುವುತ್ತಾರೆ. ನೀನೂ ಹೋದ ಪತ್ರದಲ್ಲಿ "ಅಪ್ಪನ ಕಾಳಜಿ ಮಾಡಬ್ಯಾಡ, ಆರಾಮ ಇದ್ದಾನ" ಅಂತ ಬರೆದಿದ್ದಿ. ನಾನು ಕೇಳಿಯೇ ಇರಲಿಲ್ಲವಲ್ಲೋ ಅಣ್ಣಾ. ಸಣ್ಣವನಿದ್ದಾಗಿನಿಂದಲೂ ನಿನಗೆ ಸುಳ್ಳು ಹೇಳಲು ಬರುವುದಿಲ್ಲ.

ಅವ್ವ ಹಣೆತುಂಬ ಕುಂಕುಮ ಹಚ್ಚಿಕೊಂಡು, ಕೈತುಂಬ ಹಸಿರು ಬಳೆ ಇಟ್ಟುಕೊಂಡು ಬಂದಿದ್ದಳು. ನೋಡಿ ಜೀವ ತಂಪಾಯಿತು. ಆಮೇಲೆ ಸೀರೆ ಉಡಿಸಿದರು. ಹಸಿರು ಮೈ, ಕೆಂಪು ದಡಿ. ನಾನು ಬಸುರಿ ಅಂತ ಗೊತ್ತಾದ ಕೂಡಲೇ ಅಪ್ಪ ಇದಕ್ಕೆ ಮಗ್ಗದ ಮೇಲೆ ಹಾಸುನೂಲು ಹೂಡಿದ್ದ. "ನಮ್ಮ ಗಂಗಿಗೆ ಅಂಗಡಿ ಸೀರಿ ಯಾಕ?" ಅಂದಿದ್ದನಂತೆ. ನೆರಿಗೆ ಹಿಡಿಯುವಾಗ ನನ್ನ ಬೆರಳಿಗೆ ಗೊತ್ತಾಯಿತು. ಅರ್ಧದವರೆಗೆ ನೇಯ್ಗೆಯಲ್ಲಿ ಅಪ್ಪನ ಏಟು, ಒಂದೇ ಸಮ. ಅಲ್ಲಿಂದ ಮುಂದೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲು, ದಡಿಯೂ ಸೊಟ್ಟ. ಅದು ಅವ್ವನ ಕೈ. ಜನ್ಮವೆಲ್ಲ ಕಂಡಿಕೆಗೆ ನೂಲು ಸುತ್ತಿದಳೇ ಹೊರತು ಅವಳು ಮಗ್ಗದ ಕುಣಿಗೆ ಇಳಿದವಳಲ್ಲ. ಅಪ್ಪ ಇಳಿಯಗೊಡುತ್ತಲೂ ಇರಲಿಲ್ಲ, "ಕಾಲು ಹಿಡಕೋತಾವ, ನೀ ಮ್ಯಾಲೇ ಕುಂದ್ರ" ಅನ್ನುತ್ತಿದ್ದ. ಆದರೂ ಮೊಣಕಾಲು ನೋವಿರಬಹುದು, ಅದಕ್ಕೇ ಅವ್ವ ಮುಗಿಸಿರಬಹುದು ಅಂತ ನನಗೆ ನಾನೇ ಹೇಳಿಕೊಂಡೆ.

ಉಡಿ ತುಂಬುವ ಹೊತ್ತಿಗೆ ನೆರೆಮನೆಯ ಸಾವಕ್ಕ, ಪಾಪ ಅವಳಿಗೇನು ಗೊತ್ತು, "ಮೊದಲ ಹಡದಾಕಿ ತುಂಬಲಿ" ಅಂದುಬಿಟ್ಟಳು. ಅವ್ವ ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡಳು. ನಾನು ಸೆರಗು ಒಡ್ಡಿದೆ. ಸೆರಗಿನವರೆಗೆ ತಂದ ಬೊಗಸೆಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು. ಅಕ್ಕಿಯನ್ನು ಮೊರಕ್ಕೇ ಸುರಿದು, "ರಟ್ಟಿ ನೋಯಾಕತ್ತೇತಿ, ಅನಸೂ, ನೀ ತುಂಬ" ಅಂತ ಒಳಗೆ ಹೋದಳು. ಗಂಡನಿಲ್ಲದವಳು ಉಡಿ ತುಂಬಬಾರದು ಅನ್ನುವುದು ಯಾರಿಗೆ ಗೊತ್ತಿಲ್ಲ? ನನಗಾಗಿ ಕುಂಕುಮ ಹಚ್ಚಲು ಧೈರ್ಯ ಮಾಡಿದವಳಿಗೆ ನನ್ನ ಕೂಸಿಗೆ ಕೇಡಾದೀತು ಅನ್ನುವ ಹೆದರಿಕೆಯನ್ನು ಮೀರಲು ಆಗಲಿಲ್ಲ.

ಅಪ್ಪ ಇಲ್ಲ ಅಣ್ಣಾ. ಬಾಯಿಬಿಟ್ಟು ಹೇಳದ ಮಾತನ್ನು ಇಲ್ಲಿ ಬರೆದಿದ್ದೇನೆ. ನಿನಗೆ ತಾರು ಬಂದಿರಬೇಕು, ಅಷ್ಟು ದೂರದಲ್ಲಿ ಒಬ್ಬನೇ ಅತ್ತಿರಬೇಕು ನೀನು. ನಾನು ಅಂದು ನಗುತ್ತಲೇ ಆರತಿ ಮಾಡಿಸಿಕೊಂಡೆ. ಇನ್ನೂ ನಗುತ್ತಲೇ ಇದ್ದೇನೆ. ಅತ್ತರೆ ಹೋದ ವರ್ಷದ ಹಾಗೆಯೇ ಆದೀತು ಅಂತ ಈ ಮನೆಯವರಿಗೆಲ್ಲ ಹೆದರಿಕೆ, ಅವರಿಗಿಂತ ಹೆಚ್ಚು ನನಗೆ. ಕೂಸು ಸ್ವಲ್ಪ ಹೊತ್ತು ಸುಮ್ಮನಾದರೂ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತ ಕೂಡುತ್ತೇನೆ. ಅಪ್ಪನ ನೆನಪು ಬಂದರೆ ಎದ್ದು ಪಾತ್ರೆ ತಿಕ್ಕುತ್ತೇನೆ. ಅತ್ತೆಯವರ ಮೇಲೆ ಸಿಟ್ಟು ಮಾಡಬೇಡ, ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಾರೆ.

ವೇಳೆಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯವರಿಗೆ ನನ್ನ ಶರಣು ಹೇಳು. ದೇವರು ನಿನ್ನನ್ನು ಚೆನ್ನಾಗಿ ಇಡಲಿ, ಇನ್ನು ನಮಗೆ ಹಿರಿಯ ಅಂದರೆ ನೀನೇ.

ನಿನ್ನ
ಗಂಗಿ

ತಾ.ಕ.: ಅತ್ತೆ ಸಂತೆಯಿಂದ ಬರುವ ಹೊತ್ತಾಯಿತು, ಅಷ್ಟರಲ್ಲಿ ಇದನ್ನು ಟಪಾಲು ಡಬ್ಬಿಗೆ ಹಾಕಬೇಕು. ಚಿಗವ್ವನ ಹೆಸರಿಗೆ ಒಂದು ಪತ್ರ ಬರಿ, ಅವ್ವನಿಗೆ ಓದಿ ಹೇಳಲಿ. ಗಂಗಿಗೆ ಎಲ್ಲ ಗೊತ್ತಾಗಿದೆ, ಕೂಸು ಒದೆಯುತ್ತಿದೆ ಅಂತ ಬರಿ. ಇನ್ನೊಮ್ಮೆ ಬರುವಾಗ ಬಳೆ ಇಡುವುದು ಬೇಡ, ಬರಿಗೈಯಿಂದಲೇ ಬಂದು ನನ್ನ ಉಡಿ ತುಂಬಲಿ. ಕೂಸಿಗೆ ಏನೂ ಆಗುವುದಿಲ್ಲ, ಗಂಗಿಗೆ ಎಳ್ಳಷ್ಟೂ ಹೆದರಿಕೆಯಿಲ್ಲ ಅಂತ ಬರಿ. ಈ ಸುಳ್ಳನ್ನಾದರೂ ಸರಿಯಾಗಿ ಬರಿ ಅಣ್ಣಾ.