ತಾತ ಬದುಕಿದ್ದ ಹನ್ನೊಂದು ವರ್ಷ

ಅಪ್ಪಾ,

ಇವತ್ತು ಸೈನಿಕರ ಪಿಂಚಣಿ ಕಚೇರಿಗೆ ಹೋಗಿದ್ದೆ. ತಾತ ಯುದ್ಧದಲ್ಲಿ ಸತ್ತರೆಂದು ನೀವು ಹೇಳುತ್ತಿದ್ದಿರಲ್ಲ, ಆ ಜಾಗವಾದರೂ ತಿಳಿಯಲಿ ಎಂದು.

ಗುಮಾಸ್ತರು ಕಡತದ ಧೂಳು ಕೊಡವಿ, "ಎಲ್ಲಿ ಸತ್ರು? ಯುದ್ಧ ಮುಗಿದ ಮೇಲೂ ಹನ್ನೊಂದು ವರ್ಷ ಪಿಂಚಣಿ ತಗೊಂಡಿದ್ದಾರಲ್ಲಮ್ಮ" ಎಂದರು.

ವರ್ಷಕ್ಕೊಂದು ಜೀವಿತ ಪ್ರಮಾಣಪತ್ರ. ಈ ವ್ಯಕ್ತಿ ಬದುಕಿದ್ದಾರೆ, ಕಣ್ಣಾರೆ ನೋಡಿದ್ದೇನೆ ಎಂದು ಪ್ರತಿಯೊಂದರ ಕೆಳಗೂ ಒಬ್ಬ ಹೆಡ್‌ಮಾಸ್ತರರ ಸಹಿ. ನನ್ನ ಅಂಕಪಟ್ಟಿಗಳ ಮೇಲಿದ್ದ ನಿಮ್ಮದೇ ಸಹಿ. ಸಂಬಂಧ ಎಂಬಲ್ಲಿ 'ಪರಿಚಿತರು' ಎಂದು ಬರೆದಿದ್ದೀರಿ.

ತಾತ ಬಂದಾರೆಂದು ಅಜ್ಜಿ ಬಾಗಿಲಿಗೆ ಚಿಲಕ ಹಾಕಗೊಡುತ್ತಿರಲಿಲ್ಲ. ಅವಳು ಮಲಗಿದ ಮೇಲೆ ನೀವೇ ಎದ್ದು ಹಾಕುತ್ತಿದ್ದಿರಿ.

ಸಹಿಯ ಮೇಲಿಟ್ಟ ಬೆರಳನ್ನು ನಾನು ತೆಗೆಯದ್ದು ನೋಡಿ ಗುಮಾಸ್ತರು ಕೇಳಿದರು: "ಇವರು ನಿಮಗೇನಾಗ್ಬೇಕು?"

"ಪರಿಚಯದವರು" ಎಂದೆ.